ನ್ಯಾಚುರಲ್ ಡಿಯೋ: ಮುಂದಿನ ಹೆಸರು ಬಿಡಿ, ಡಬ್ಬದ ಹಿಂದೆ ಓದಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮವರ ನಡುವೆ ಯಾರೂ ಬಾಯಿಬಿಟ್ಟು ಆಡದ, ಆದರೆ ಎಲ್ಲರ ತಲೆಯಲ್ಲೂ ಇರುವ ವಿಷಯ ಒಂದಿದೆ. ಅದು ಬೆವರಿನ ವಾಸನೆ. ತುಂಬಿದ ಎಸ್-ಬಾನ್ ರೈಲಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರೆ ಸಾಕು, ನನ್ನಿಂದಲೇ ಇರಬೇಕು ಅನ್ನುವ ಅಳುಕು ಶುರು. ಹೊಸದಾಗಿ ಬಂದ ಹುಡುಗರು ಆ ಅಳುಕಿಗೇ ವಾರಕ್ಕೊಂದು ಡಿಯೋ ಡಬ್ಬ ಖಾಲಿ ಮಾಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ, ಡಿಯೋಗೆ ಹಾಕುವ ಅಲ್ಯೂಮಿನಿಯಂನಿಂದ ಕ್ಯಾನ್ಸರ್ ಬರುತ್ತದಂತೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಓದಿ, ಅದೇ ಹುಡುಗರು ದುಪ್ಪಟ್ಟು ದುಡ್ಡು ಕೊಟ್ಟು ನ್ಯಾಚುರಲ್ ಅಂತ ಬರೆದದ್ದನ್ನು ತರುತ್ತಾರೆ. ಎರಡೂ ಭಯಕ್ಕೆ ಮಾಡಿದ ಖರೀದಿ. ನ್ಯಾಚುರಲ್ ಡಿಯೋ ಒಳ್ಳೆಯದೇ ಅಂತ ನಾನೂ ನಂಬುತ್ತೇನೆ, ದಿನಾ ಅದನ್ನೇ ಹಚ್ಚುತ್ತೇನೆ. ಆದರೆ ಅದನ್ನು ಆರಿಸುವ ಕಾರಣವೂ ಬೇರೆ, ರೀತಿಯೂ ಬೇರೆ.

ಬೆವರಿಗೆ ತನ್ನದೇ ಅನ್ನುವಂಥ ವಾಸನೆ ಇಲ್ಲ. ಮೈಯೆಲ್ಲಾ ಇರುವ ಗ್ರಂಥಿಗಳಿಂದ ಬರುವುದು ಬಹುಪಾಲು ನೀರು, ಒಂದಿಷ್ಟು ಉಪ್ಪು. ಕಂಕುಳಿನಂಥ ಜಾಗಗಳಲ್ಲಿ ಅಪೊಕ್ರೈನ್ ಅನ್ನುವ ಇನ್ನೊಂದು ಬಗೆಯ ಗ್ರಂಥಿಗಳು ಜಾಸ್ತಿ, ಹರೆಯಕ್ಕೆ ಬಂದ ಮೇಲೆ ಕೆಲಸ ಶುರು ಮಾಡುತ್ತವೆ. ಅವುಗಳಿಂದ ಬರುವ ಗಟ್ಟಿ ದ್ರವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2020ರಲ್ಲಿ ಈ ಕೆಲಸ ಮಾಡುವ ಕಿಣ್ವವನ್ನೇ ಹಿಡಿದು ತೋರಿಸಿದರು, ಸ್ಟಫಿಲೊಕಾಕಸ್ ಹೋಮಿನಿಸ್ ಅನ್ನುವ ಬ್ಯಾಕ್ಟೀರಿಯಾದಲ್ಲಿ. ಅಂದರೆ ನಮ್ಮ ಮುಂದೆ ಎರಡು ದಾರಿ. ಬೆವರನ್ನೇ ತಡೆಯುವುದು ಒಂದು, ಅದು ಆಂಟಿಪರ್ಸ್ಪಿರೆಂಟ್ ಕೆಲಸ, ಅದರಲ್ಲಿನ ಅಲ್ಯೂಮಿನಿಯಂ ಲವಣ ಬೆವರು ಬರುವ ನಾಳದ ಬಾಯಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಬೆವರು ಬರಲಿ, ವಾಸನೆ ಬೇಡ ಅನ್ನುವುದು ಇನ್ನೊಂದು, ಅದು ಡಿಯೋಡರೆಂಟ್. ಅಮೆರಿಕದ ಕಾನೂನಿನಲ್ಲಿ ಮೊದಲನೆಯದು ಔಷಧಿ, ಎರಡನೆಯದು ಬರೀ ಸೌಂದರ್ಯ ಸಾಮಗ್ರಿ. ನ್ಯಾಚುರಲ್ ಅಂತ ಬರುವುದೆಲ್ಲ ಎರಡನೇ ಗುಂಪಿಗೆ ಸೇರಿದ್ದು. ಅದನ್ನು ಹಚ್ಚಿದರೂ ಕಂಕುಳು ಒದ್ದೆಯಾಗುತ್ತದೆ, ಆಗಲೇಬೇಕು. ಒದ್ದೆಯಾಯಿತು ಅಂತ ಬೈದು ಡಬ್ಬ ಎಸೆಯುವುದು ಸರಿಯಲ್ಲ.

ಇನ್ನು ಅಲ್ಯೂಮಿನಿಯಂ ಭಯ. ಜರ್ಮನಿಯಲ್ಲಿ ಇದಕ್ಕೆ ಒಂದು ಇತಿಹಾಸವೇ ಇದೆ. ಇಲ್ಲಿನ ಸರ್ಕಾರಿ ಅಪಾಯ ಅಂದಾಜು ಸಂಸ್ಥೆ, ಬಿಎಫ್‌ಆರ್ ಅಂತ ಕರೆಯುತ್ತಾರೆ, 2014ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಇಂಥ ಆಂಟಿಪರ್ಸ್ಪಿರೆಂಟ್‌ಗಳಿಂದ ಮೈಗೆ ಸೇರುವ ಅಲ್ಯೂಮಿನಿಯಂ ಜಾಸ್ತಿಯಾಗಬಹುದು, ಶೇವ್ ಮಾಡಿದ ಕೂಡಲೇ ಹಚ್ಚಬೇಡಿ ಅಂತ. ಅಂಗಡಿಗಳಲ್ಲಿ 'ಓನೆ ಅಲುಮೀನಿಯುಮ್', ಅಂದರೆ ಅಲ್ಯೂಮಿನಿಯಂ ಇಲ್ಲದ್ದು ಅನ್ನುವ ಚೀಟಿ ಎಲ್ಲಾ ಕಡೆ ಕಾಣಿಸಿಕೊಂಡಿತು. ಆರು ವರ್ಷದ ನಂತರ, 2020ರಲ್ಲಿ, ಹೊಸ ಅಧ್ಯಯನಗಳನ್ನು ನೋಡಿ ಅದೇ ಸಂಸ್ಥೆ ತನ್ನ ಮಾತು ತಿದ್ದಿಕೊಂಡಿತು: ಚರ್ಮದ ಮೂಲಕ ಒಳಗೆ ಹೋಗುವುದು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ, ಇದರಿಂದ ಆರೋಗ್ಯಕ್ಕೆ ತೊಂದರೆ ಆಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಸ್ತನ ಕ್ಯಾನ್ಸರ್ ಮಾತು ಇನ್ನೂ ಹಳೆಯದು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದ 813 ಮತ್ತು ಇಲ್ಲದ 793 ಹೆಂಗಸರನ್ನು ಹೋಲಿಸಿ ನೋಡಿದರು, ಯಾವ ಸಂಬಂಧವೂ ಸಿಗಲಿಲ್ಲ. ಎಚ್ಚರಿಕೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ, ತಿದ್ದಿದ್ದು ಯಾರಿಗೂ ಗೊತ್ತಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ, ಯಾಕೆಂದರೆ ಅನಗತ್ಯ ಭಯವೂ ಆರೋಗ್ಯ ಕೆಡಿಸುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಆಂಟಿಪರ್ಸ್ಪಿರೆಂಟ್ ಬಳಸಬೇಕು, ಅಮೆರಿಕದಲ್ಲಿ ಇದನ್ನು ಡಬ್ಬದ ಮೇಲೆಯೇ ಬರೆಯುತ್ತಾರೆ.

ಹೀಗೆ ಅಲ್ಯೂಮಿನಿಯಂ ಬೇಡ ಅಂದವರಲ್ಲಿ ಎಷ್ಟೋ ಜನ ಇಲ್ಲಿ ಕೊಳ್ಳುವುದು ಏನು ಗೊತ್ತಾ? ಹರಳಿನ ಡಿಯೋ. ಕೈಯಲ್ಲಿ ಹಿಡಿಯುವ, ಹಾಲುಬಿಳಿ ಬಣ್ಣದ, ನೀರಲ್ಲಿ ಅದ್ದಿ ಉಜ್ಜುವ ಕಲ್ಲು. ನೋಡಿದ ಕೂಡಲೇ ನಮಗೆ ಗುರುತು ಸಿಗುತ್ತದೆ. ನಮ್ಮ ದಾವಣಗೆರೆಯ ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುತ್ತಿದ್ದ ಪಟಿಕವೇ ಅದು, ಗ್ರಂಧಿಗೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಪಟಿಕ ಅಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಹೆಸರಲ್ಲೇ ಅಲ್ಯೂಮಿನಿಯಂ ಇದೆ! ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ, ಅಗ್ಗ, ವರ್ಷಗಟ್ಟಲೆ ಬರುತ್ತದೆ. ಬಳಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಯೂಮಿನಿಯಂ ತಪ್ಪಿಸಲು ಇದನ್ನು ಕೊಂಡರೆ ಅರ್ಥವೇ ಇಲ್ಲ.

ನನ್ನ ಮಟ್ಟಿಗೆ ಆರೋಗ್ಯದ ನಿಜವಾದ ಪ್ರಶ್ನೆ ಚರ್ಮದ್ದು. ಇಲ್ಲಿ ನ್ಯಾಚುರಲ್ ಅನ್ನುವುದೇ ಕೆಲವೊಮ್ಮೆ ಕೈಕೊಡುತ್ತದೆ. ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿ ಪುಟ್ಟ ಗಾಜಿನ ಡಬ್ಬಿಯ ಡಿಯೋ ಕ್ರೀಮ್ ತಂದಳು. ಹಿಂದಿನ ಚೀಟಿಯಲ್ಲಿ ಕೊಬ್ಬರಿ ಎಣ್ಣೆ, ಮೆಕ್ಕೆಜೋಳದ ಪಿಷ್ಟ, ಅಡುಗೆ ಸೋಡಾ, ಜೊತೆಗೆ ನಿಂಬೆ ಮತ್ತು ಲ್ಯಾವೆಂಡರ್ ಎಣ್ಣೆ. ಅಡುಗೆಮನೆಯಲ್ಲಿ ಇರುವುದೇ ತಾನೆ ಅನ್ನಿಸುವಂಥ ಪಟ್ಟಿ. ಕೆಲವೇ ದಿನದಲ್ಲಿ ಕಂಕುಳು ಕೆಂಪಾಗಿ ಉರಿ ಶುರುವಾಯಿತು, ತೋಳು ಇಳಿಬಿಟ್ಟರೆ ಚುರುಚುರು. ಕಾರಣ ಸೋಡಾ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5. ಸೋಡಾ 8ರ ಮೇಲೆ, ಅಂದರೆ ಹುಳಿಗೆ ವಿರುದ್ಧ ಗುಣದ್ದು. ವಾಸನೆಯನ್ನು ಅದು ಹಿಡಿದಿಡುತ್ತದೆ, ನಿಜ, ಆದರೆ ಶೇವ್ ಮಾಡಿದ ಕಂಕುಳಿಗೆ ದಿನಾ ತಿಕ್ಕಿದರೆ ಎಷ್ಟೋ ಜನರಿಗೆ ತಡೆಯುವುದಿಲ್ಲ. ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲಿಯ ಯಾವ ಪತ್ರಿಕೆಯ ಸಲಹೆಯಲ್ಲೂ ನಾನು ಓದಿಲ್ಲ. ಬಿಳಿ ಚರ್ಮದವರಿಗೆ ಕೆಂಪಾಗಿದ್ದು ಮಾಸಿ ಹೋಗುತ್ತದೆ. ನಮ್ಮ ಕಂದು ಚರ್ಮದಲ್ಲಿ ಉರಿ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಕೂತುಬಿಡುತ್ತದೆ. ಆಮೇಲೆ ಆ ಕಪ್ಪು ಹೋಗಲಿ ಅಂತ ಊರಿಂದ ಫೋನಿನಲ್ಲಿ ಸಲಹೆ ಬರುತ್ತದೆ, ನಿಂಬೆಹಣ್ಣು ಉಜ್ಜು ಅಂತ. ದಯವಿಟ್ಟು ಉಜ್ಜಬೇಡಿ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಲೆ ಇನ್ನೂ ಗಾಢವಾಗುತ್ತದೆ.

ಸುವಾಸನೆಯ ಎಣ್ಣೆಗಳೂ ಅಷ್ಟೇ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಮೃದು ಅಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್ ಗಾಳಿಗೆ ಹಳತಾದಷ್ಟೂ ಅಲರ್ಜಿ ಮಾಡುವ ಗುಣ ಹೆಚ್ಚು. ಯುರೋಪಿನಲ್ಲಿ ಒಂದು ಒಳ್ಳೆಯ ನಿಯಮ ಇದೆ. ಇಂಥ ಸುವಾಸನೆಯ ವಸ್ತುಗಳು (ಮೊದಲು ಪಟ್ಟಿಯಲ್ಲಿ 26 ಇದ್ದವು) ಮೈಮೇಲೆ ಉಳಿಯುವ ಕ್ರೀಮಿನಲ್ಲಿ 0.001 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಹೆಸರು ಬರೆಯಲೇಬೇಕು. 2023ರಲ್ಲಿ ಆ ಪಟ್ಟಿಯನ್ನು ಇನ್ನೂ ಉದ್ದ ಮಾಡಿದರು. ಇದೊಂದು ವಿಷಯದಲ್ಲಿ ಇಲ್ಲಿನ ರೀತಿ ನಮ್ಮಲ್ಲೂ ಬರಲಿ ಅನ್ನಿಸುತ್ತದೆ. ಊರಿಗೆ ಹೋದಾಗ ಅಂಗಡಿಯಲ್ಲಿ ಡಬ್ಬ ತಿರುಗಿಸಿದರೆ ಎಷ್ಟೋ ಕಡೆ 'ಪರ್ಫ್ಯೂಮ್' ಅನ್ನುವ ಒಂದೇ ಪದ, ಒಳಗೆ ಏನಿದೆ ಅಂತ ತಿಳಿಯುವ ದಾರಿ ಇಲ್ಲ. ನಮ್ಮಲ್ಲಿ ಡಿಯೋ ಅಂತ ಮಾರುವ ಸ್ಪ್ರೇಗಳಲ್ಲಿ ಬಹಳಷ್ಟು ಆಲ್ಕೊಹಾಲ್, ಗ್ಯಾಸ್, ಸೆಂಟು ಅಷ್ಟೇ. ಬಟ್ಟೆಗೆ ಹೊಡೆದುಕೊಳ್ಳುವುದಕ್ಕೆ ಸರಿ. ಕಂಕುಳಿಗೆ, ಅದೂ ಮುಚ್ಚಿದ ಬಚ್ಚಲಿನಲ್ಲಿ, ಅದನ್ನು ಉಸಿರಾಡುತ್ತಾ ಹೊಡೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಹಾಗಾದರೆ ಯಾವುದು? ಸೋಡಾ ಇರಬಾರದು, ಸುವಾಸನೆ ಇರಬಾರದು ಅಥವಾ ತೀರಾ ಕಡಿಮೆ ಇರಬೇಕು. ಮೆಗ್ನೀಸಿಯಂ ಹೈಡ್ರಾಕ್ಸೈಡ್, ಜಿಂಕ್ ಆಕ್ಸೈಡ್ ಇದ್ದರೆ ಒಳ್ಳೆಯದು, ಸೋಡಾದಷ್ಟು ಉರಿಸುವುದಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಜಿಂಕ್ ರಿಸಿನೋಲಿಯೇಟ್. ಅದನ್ನು ಮಾಡುವುದು ಹರಳೆಣ್ಣೆಯಿಂದ! ಕಂದಮ್ಮಗಳ ನೆತ್ತಿಗೆ ತಟ್ಟುವ ಅದೇ ಹರಳೆಣ್ಣೆ, ಪ್ರಪಂಚದ ಹರಳು ಬೀಜದಲ್ಲಿ ಬಹುಪಾಲು ಬೆಳೆಯುವುದು ನಮ್ಮ ದೇಶವೇ, ಅದರಲ್ಲೂ ಗುಜರಾತ್. ಅದು ಬೆವರು ತಡೆಯುವುದಿಲ್ಲ, ವಾಸನೆಯ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿನ ಸಾಮಾನ್ಯ ಅಂಗಡಿಯಲ್ಲೂ ಇಂಥದ್ದು ಕಡಿಮೆ ಬೆಲೆಗೆ ಸಿಗುತ್ತದೆ, ದುಬಾರಿಯದೇ ಬೇಕಿಲ್ಲ. ಹೊಸದನ್ನು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಬದಲಾಯಿಸಿದ ಮೊದಲ ವಾರಗಳಲ್ಲಿ ವಾಸನೆ ಜಾಸ್ತಿ ಅನ್ನಿಸಿದರೆ ಹೆದರಬೇಡಿ. ಆಂಟಿಪರ್ಸ್ಪಿರೆಂಟ್ ನಿಲ್ಲಿಸಿದಾಗ ಕಂಕುಳಿನ ಬ್ಯಾಕ್ಟೀರಿಯಾಗಳ ಗುಂಪೇ ಬದಲಾಗುತ್ತದೆ ಅಂತ ಅಮೆರಿಕದಲ್ಲಿ 2016ರಲ್ಲಿ ಬಂದ ಅಧ್ಯಯನವೊಂದು ಹೇಳಿದೆ. ಅದಕ್ಕೆ 'ಡಿಟಾಕ್ಸ್' ಅಂತ ಹೆಸರಿಟ್ಟು ಜೇಡಿಮಣ್ಣಿನ ಲೇಪ ಮಾರುವವರಿದ್ದಾರೆ, ಸುಮ್ನೆ ದುಡ್ಡು ದಂಡ. ಮೈಯ ಕೊಳೆ ಹೊರಹಾಕುವುದು ಲಿವರ್, ಕಿಡ್ನಿ. ಕಂಕುಳಲ್ಲ.

ಡಿಯೋಗಿಂತ ಜಾಸ್ತಿ ಕೆಲಸ ಮಾಡುವುದು ನೀರು ಮತ್ತು ಬಟ್ಟೆ, ಇದರಲ್ಲಿ ನಮ್ಮ ರೀತಿ ಮತ್ತು ಇಲ್ಲಿನ ರೀತಿ ಎರಡೂ ಬೇಕು. ಬೇಸಿಗೆಯಲ್ಲಿ ಎರಡು ಹೊತ್ತು ಸ್ನಾನ ನಮ್ಮ ಮನೆಗಳಲ್ಲಿ ಹೊಸದಲ್ಲ. ಇಲ್ಲಿ ಜನವರಿಯ ಚಳಿಯಲ್ಲಿ ಹಾಗೆ ಮಾಡಿದರೆ ಚರ್ಮ ಒಣಗಿ ಬಿರಿಯುತ್ತದೆ. 2022ರ ಆಗಸ್ಟಿನಲ್ಲಿ, ನೀರು ಕಾಯಿಸಲೂ ಬೇಕಾದ ರಷ್ಯಾದ ಗ್ಯಾಸ್ ಕಡಿಮೆಯಾದ ಹೊತ್ತಿನಲ್ಲಿ, ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವಿನ್‌ಫ್ರೀಡ್ ಕ್ರೆಚ್‌ಮನ್ ಅವರು ಸದಾ ಶವರ್ ಬೇಕಿಲ್ಲ, ಮೈ ಒರೆಸುವ ಬಟ್ಟೆಯೂ ಉಪಯೋಗದ್ದೇ ಅಂದಾಗ ದೇಶವೆಲ್ಲಾ ನಕ್ಕಿತು. ನನಗೆ ಅದು ಬುದ್ಧಿಮಾತು ಅನ್ನಿಸಿತು. ಸಂಜೆ ಆಫೀಸಿಂದ ಬಂದ ಮೇಲೆ ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಾಕಿ ಕಂಕುಳು ಒರೆಸಿ, ಒಣ ಟವೆಲಿನಿಂದ ಪೂರ್ತಿ ಒಣಗಿಸಿದರೆ ಸಾಕು. ಒಣಗಿಸುವುದು ಮುಖ್ಯ, ಎಷ್ಟೋ ಜನ ಒದ್ದೆ ಮೈಗೇ ಡಿಯೋ ಬಳಿದು ಅಂಗಿ ಹಾಕುತ್ತಾರೆ.

ಬಟ್ಟೆ ವಿಷಯದಲ್ಲಿ ಮಾತ್ರ ನಮ್ಮ ಅಪ್ಪಂದಿರ ಬನಿಯನ್ನಿಗೆ ಸಾಟಿ ಇಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ, ಜಿಮ್ ಸೈಕಲ್ ತುಳಿದ 26 ಜನರ ಟೀ-ಶರ್ಟ್‌ಗಳನ್ನು ಪರೀಕ್ಷೆ ಮಾಡಿದರು. ಪಾಲಿಯೆಸ್ಟರ್ ಬಟ್ಟೆ ಹತ್ತಿಗಿಂತ ಕೆಟ್ಟ ವಾಸನೆ ಬೀರಿತು, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೇ ಬೇರೆ. ಇಲ್ಲಿ ಬಂದ ನಮ್ಮ ಹುಡುಗರು ಬನಿಯನ್ ಬಿಟ್ಟು, ಪಾಲಿಯೆಸ್ಟರ್ ಟೀ-ಶರ್ಟ್ ಮೇಲೆ ಪಾಲಿಯೆಸ್ಟರ್ ಜಾಕೆಟ್ ಹಾಕಿ, ಹೀಟರ್ ಹಾಕಿದ ರೈಲಿನಲ್ಲಿ ನಿಲ್ಲುತ್ತಾರೆ. ವಾಸನೆ ಬರದೆ ಇನ್ನೇನು? ಊರಿನಲ್ಲಿ ಬಟ್ಟೆಯನ್ನು ತಾರಸಿಯ ಸುಡು ಬಿಸಿಲಿಗೆ ಹಾಕುತ್ತಿದ್ದೆವು. ಇಲ್ಲಿ ಮನೆಯೊಳಗಿನ ಸ್ಟ್ಯಾಂಡಿನಲ್ಲಿ ಎರಡು ದಿನ ಒಣಗುತ್ತದೆ, ಮೆಷಿನ್ನಿನಲ್ಲಿ 30 ಡಿಗ್ರಿಗೆ ಒಗೆದರೆ ಕಂಕುಳಿನ ಭಾಗದ ವಾಸನೆ ಹೋಗುವುದೇ ಇಲ್ಲ. ಬನಿಯನ್, ಟವೆಲನ್ನು 60 ಡಿಗ್ರಿಗೆ ಹಾಕಿ.

ಇನ್ನೊಂದು ವಾಸನೆ ಇದೆ, ನಾವು ಬೆವರಿನ ಮೇಲೆ ಹೊರಿಸುವುದು. ಒಗ್ಗರಣೆಯದು. ಇಂಗು, ಬೆಳ್ಳುಳ್ಳಿ, ಈರುಳ್ಳಿಯ ಹೊಗೆ ಉಣ್ಣೆಯ ಕೋಟಿಗೆ ಹತ್ತಿಕೊಂಡರೆ ಯಾವ ಡಿಯೋ ಹಚ್ಚಿದರೂ ಅದು ಹೋಗದು. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆದು ಒಗ್ಗರಣೆ ಹಾಕಿ, ಕೋಟುಗಳನ್ನು ದೂರದ ಬೀರುವಿನಲ್ಲಿಡಿ, ಆಗಾಗ ಬಾಲ್ಕನಿಯ ತಣ್ಣನೆ ಗಾಳಿಗೆ ತೂಗುಹಾಕಿ. ನಮ್ಮ ಸಾರಿನ ಬಗ್ಗೆ ನಾಚಿಕೆ ಬೇಡ, ಮನೆಯಲ್ಲಿ ಅಡುಗೆ ನಿಲ್ಲಿಸುವುದಂತೂ ಬೇಡವೇ ಬೇಡ.

ಅಕ್ಟೋಬರಿನಲ್ಲಿ ಓದಲು ಬರುವ ಮಕ್ಕಳ ತಂದೆ ತಾಯಿ ಏನು ಕಳಿಸಬೇಕು ಅಂತ ನನ್ನನ್ನು ಕೇಳುತ್ತಾರೆ. ಸ್ಪ್ರೇ ಡಬ್ಬ ಬೇಡ, ಒಳ್ಳೆ ಹತ್ತಿ ಬನಿಯನ್ನುಗಳನ್ನು ತುಂಬಿಸಿ, ಬೇಕಿದ್ದರೆ ಒಂದು ತುಂಡು ಪಟಿಕ ಇಡಿ ಅನ್ನುತ್ತೇನೆ. ಇಷ್ಟೆಲ್ಲಾ ಮಾಡಿಯೂ ಕೂತಲ್ಲೇ ಅಂಗಿ ತೊಯ್ಯುವಷ್ಟು ಬೆವರಿದರೆ, ರಾತ್ರಿ ಹಾಸಿಗೆ ಒದ್ದೆಯಾದರೆ, ಅಥವಾ ವಾಸನೆ ಇದ್ದಕ್ಕಿದ್ದಂತೆ ಬದಲಾದರೆ ಡಿಯೋ ಬದಲಾಯಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಸಕ್ಕರೆ ಕಾಯಿಲೆ ಎರಡಕ್ಕೂ ಬೆವರಿನ ಸಂಬಂಧ ಇದೆ. ಬರೀ ಬೆವರೇ ಜಾಸ್ತಿ ಅಂತಾದರೆ ಅವರು ಬರೆದುಕೊಡುವುದು ಅಲ್ಯೂಮಿನಿಯಂ ಕ್ಲೋರೈಡ್ ಆಗಿರಬಹುದು, ಅದನ್ನು ರಾತ್ರಿ ಒಣ ಚರ್ಮಕ್ಕೆ ಹಚ್ಚಿ ಬೆಳಗ್ಗೆ ತೊಳೆಯಬೇಕು. ಅಂಥವರು ಅದನ್ನು ಧೈರ್ಯವಾಗಿ ಹಚ್ಚಲಿ.