ಬೈಕ್ ಇದ್ದವನ ಕಾಲ್ನಡಿಗೆ

ಬೆಂಗಳೂರಿನಿಂದ ಶಿರಸಿಯವರೆಗಿನ 400 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಎರಡು ದಿನಗಳಲ್ಲಿ ಮುಗಿಸಿ, ಯಾಣದ ಕಡೆಯ ಹಳ್ಳಿಯೊಂದರ ಅಡಿಕೆ ತೋಟದ ಅಂಚಿನಲ್ಲಿ ಟೆಂಟ್ ಹಾಕಿದ ರಾತ್ರಿ, ನನ್ನ ಎಡಗೈ ಊಟದ ಎಲೆಯ ಮುಂದೆಯೂ ಇಲ್ಲದ ಕ್ಲಚ್ಚನ್ನು ಹಿಚುಕುತ್ತಿತ್ತು. ಹಾಗಾಗಿ ಮರುದಿನ ಬೈಕಿಗೂ ಬೆನ್ನಿಗೂ ರಜೆ ಕೊಟ್ಟು, ಐದು ಕಿಲೋಮೀಟರ್ ದೂರದ ಯಾಣಕ್ಕೆ ನಡೆದೇ ಹೋಗುವುದೆಂದು ತೀರ್ಮಾನಿಸಿದೆ. ತೋಟದ ಯಜಮಾನರು ‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆಯನ್ನು ನೆನಪಿಸಿದರು. ಎರಡರಲ್ಲಿ ನನ್ನ ಬಳಿ ಇರುವುದು ಯಾವುದೆಂದು ಅವರು ವಿಚಾರಿಸಲಿಲ್ಲ. ಟೆಂಟಿನ ತೇಪೆ ನೋಡಿಯೇ ತಿಳಿದುಕೊಂಡಿರಬೇಕು.

ಒಂದು ಹವಾಯಿ ಚಪ್ಪಲಿಯನ್ನು ರಾತ್ರಿ ನಾಯಿ ಎತ್ತಿಕೊಂಡು ಹೋಗಿದ್ದರಿಂದ, ಮೊಣಕಾಲಿನ ಹತ್ತಿರದವರೆಗೆ ಬರುವ, ಜಪ್ಪಯ್ಯ ಎಂದರೂ ಬಾಗದ ರೈಡಿಂಗ್ ಬೂಟುಗಳೇ ಗತಿಯಾದವು. ಅರ್ಧ ಕಿಲೋಮೀಟರ್ ನಡೆಯುವಷ್ಟರಲ್ಲಿ ಹಾಲಿನ ಕ್ಯಾನ್ ಕಟ್ಟಿದ ಮೊಪೆಡ್ಡೊಂದು ಪಕ್ಕದಲ್ಲಿ ನಿಂತಿತು.

‘ಪೆಟ್ರೋಲ್ ಖಾಲಿ ಆಯ್ತಾ?’

‘ಇಲ್ಲ, ಬೈಕ್ ಸರಿಯಾಗಿದೆ. ಸುಮ್ಮನೆ ನಡೆಯುತ್ತಿದ್ದೇನೆ.’

ಅವರು ನನ್ನ ಬೂಟುಗಳನ್ನು ದಿಟ್ಟಿಸಿದರು. ‘ಹಾಗಾದ್ರೆ ಪಂಚರಾ?’

ಮುಂದೆ ಒಂದು ಜೀಪಿನವರು ಚೈನ್ ತುಂಡಾಯಿತೇ ಎಂದು ಕೇಳಿದರು. ಬೇಲಿಯಾಚೆಯ ಅಜ್ಜಿಯೊಬ್ಬರು ಏನನ್ನೂ ಕೇಳದೆ, ‘ಪಾಪ, ಆಸರಿಗೆ ಕುಡಿದು ಹೋಗಿ’ ಎಂದು ಮುರುಗಲ ಪಾನಕ ಕೊಟ್ಟರು. ಆ ಲೋಟ ಕೈಗೆ ಬಂದ ಮೇಲೆ, ಬೈಕ್ ಸುಸ್ಥಿತಿಯಲ್ಲಿದೆ ಎಂಬ ಸತ್ಯವನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಯಾಣದಲ್ಲಿ 120 ಮೀಟರ್ ಎತ್ತರದ ಕರಿಬಂಡೆ ಭೈರವೇಶ್ವರ ಶಿಖರ, ಸಮೀಪದಲ್ಲೇ 90 ಮೀಟರಿನ ಮೋಹಿನಿ ಶಿಖರ. ಮೋಹಿನಿಯ ನಾಟ್ಯಕ್ಕೆ ಮರುಳಾದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದದ್ದು ಇಲ್ಲಿಯೇ ಎಂಬ ನಂಬಿಕೆಯಿದೆ. ಅಂಗಾಲಿನ ಬೊಬ್ಬೆಗಳನ್ನು ಎಣಿಸುತ್ತಿದ್ದ ನನಗೆ ಅವನ ಮೇಲೆ ಮೊದಲ ಬಾರಿಗೆ ಕನಿಕರ ಹುಟ್ಟಿತು.

ಆದರೂ ಇಂಥ ಬೂಟಿನೊಳಗೆ ಉಂಬಳ, ಅಂದರೆ ಕಾಡಿನ ಜಿಗಣೆ, ನುಗ್ಗಲಾರದು ಎಂಬ ಒಂದು ಸಮಾಧಾನವಿತ್ತು. ಕೆಳಗಿನಿಂದ ನುಗ್ಗಲಾರದು ಎಂಬುದು ನಿಜ. ಅವು ಸಾವಧಾನವಾಗಿ ಹೊರಗಿನಿಂದ ಏರಿ, ಬೂಟಿನ ಬಾಯಿಯಲ್ಲಿ ಇಳಿದಿದ್ದವು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸುರಿಯುವುದೂ ಬೇಗ ನಿಲ್ಲುವುದಿಲ್ಲ. ಕವಳ ಹಾಕುತ್ತಿದ್ದ ಹಿರಿಯರೊಬ್ಬರು ತಮ್ಮ ಡಬ್ಬಿಯಿಂದ ಸುಣ್ಣ ತೆಗೆದು ಮುಟ್ಟಿಸಿದಾಗ ಏಳು ಉಂಬಳಗಳು ಒಂದೊಂದಾಗಿ ಉದುರಿದವು. ಏಳನೆಯದು ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು, ನನಗಿಂತ ಲವಲವಿಕೆಯಿಂದಿತ್ತು.

ಸಂಜೆ ಕುಂಟುತ್ತ ಅಂಗಳಕ್ಕೆ ಬಂದರೆ, ನನ್ನ ಬೈಕಿನ ಮುಂದೆ ಅಪರಿಚಿತನೊಬ್ಬ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಸ್ಪಾರ್ಕ್ ಪ್ಲಗ್ ಅವನ ಅಂಗೈಯಲ್ಲಿತ್ತು. ‘ನಿಮ್ಮ ಗಾಡಿ ಕೆಟ್ಟಿದೆ ಅಂತ ಹಾಲಿನವರು ಹೇಳಿದರು, ಮೆಕ್ಯಾನಿಕ್‌ನನ್ನು ಕರೆಸಿದೆ’ ಎಂದರು ಯಜಮಾನರು, ಉಪಕಾರ ಮಾಡಿದ ತೃಪ್ತಿಯಿಂದ. ಮೆಕ್ಯಾನಿಕ್ ಪ್ಲಗ್ಗನ್ನು ನೋಡಿದ, ಕೆಂಪಾಗಿದ್ದ ನನ್ನ ಕಾಲುಚೀಲಗಳನ್ನು ನೋಡಿದ.

‘ಗಾಡಿಗೆ ಎಂತದೂ ಆಗಿಲ್ಲ ಮಾರಾಯ್ರೆ. ನಿಮಗೆ ಎಂತ ಆಯ್ತು?’