ಎಚ್‌ಐವಿ ಪರೀಕ್ಷೆ ಲೈನ್ ಮನೆ ಬಾಗಿಲಿಗೇ ಬರಬೇಕಾ?

ಕೊಡಗಿನಲ್ಲಿ ಡಿಸೆಂಬರ್ ಅಂದ್ರೆ ಕಾಫಿ ಕೊಯ್ಲಿನ ಕಾಲ. ಡಿಸೆಂಬರ್ 1ಕ್ಕೆ ವಿಶ್ವ ಏಡ್ಸ್ ದಿನ. ಜಾಥಾ, ಭಾಷಣ ಎಲ್ಲ ಪೇಟೆಯಲ್ಲಿ. ಕೊಯ್ಲಿಗೆ ಬಂದ ಜನ ಮಾತ್ರ ತೋಟದೊಳಗೆ. ಹಾಗಿದ್ದ ಮೇಲೆ ಎಚ್‌ಐವಿ ಪರೀಕ್ಷೆಯ ಶಿಬಿರವನ್ನು ತೋಟದ ಲೈನ್ ಮನೆಗಳ (ಕೂಲಿಯವರಿಗೆ ಅಂತ ತೋಟದೊಳಗೆ ಸಾಲಾಗಿ ಕಟ್ಟಿದ ಮನೆಗಳ) ಹತ್ತಿರವೇ ಮಾಡಬೇಕಾ, ಬೇಡ್ವಾ? ಎರಡೂ ಕಡೆಯ ಮಾತು ಕೆಳಗಿದೆ.

ಪರ: ಅವರು ಬರೋಕೆ ಆಗಲ್ಲ, ನಾವೇ ಹೋಗಬೇಕು

"ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ, ಫ್ರೀ ಇದೆ" ಅಂತ ಹೇಳೋದು ಸುಲಭ. ಕುಟ್ಟ ಕಡೆಯ ತೋಟದಿಂದ ಮಡಿಕೇರಿಗೆ ಹೋಗಿ ಬಂದರೆ ಒಂದು ದಿನ ಪೂರ್ತಿ ಹೋಯ್ತು. ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋದರೂ ಬಸ್ಸು ಕಾಯಬೇಕು, ಚೀಟಿ ಮಾಡಿಸಬೇಕು, ಕೂಲಿ ಬಿಡಬೇಕು. ಕೊಯ್ಲಿನಲ್ಲಿ ಎಷ್ಟು ಕಿಲೋ ಕೊಯ್ದೆವೋ ಅಷ್ಟಕ್ಕೆ ದುಡ್ಡು. ಮೈಯಲ್ಲಿ ಏನೂ ತೊಂದರೆ ಕಾಣದ ಮನುಷ್ಯ ಅಂಥ ದಿನ ಕೆಲಸ ಬಿಟ್ಟು ಯಾಕೆ ಹೋಗ್ತಾನೆ ಹೇಳಿ?

ತೊಂದರೆ ಇರೋದೇ ಅಲ್ಲಿ. ಎಚ್‌ಐವಿ ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಜ್ವರ ಬಿಡಲ್ಲ, ತೂಕ ಇಳೀತು, ಕ್ಷಯ ಹಿಡೀತು ಅಂತ ಹಾಸಿಗೆ ಹಿಡಿದ ಮೇಲೆ ರಕ್ತ ನೋಡಿ ತಿಳಿದುಕೊಳ್ಳುವವರು ಇವತ್ತಿಗೂ ಇದ್ದಾರೆ. ಗರ್ಭಿಣಿಯರಿಗಾದರೆ ತಾಯಿ ಕಾರ್ಡ್ ಮಾಡಿಸುವಾಗಲೇ ಈ ಪರೀಕ್ಷೆಯೂ ಆಗುತ್ತದೆ. ಗಂಡನಿಗೆ ಆ ಅವಕಾಶವೇ ಬರಲ್ಲ. ಆಶಾ ಕಾರ್ಯಕರ್ತೆ ಹೆಂಗಸರನ್ನು ಹೇಗೋ ಒಪ್ಪಿಸಿ ಕರ್ಕೊಂಡು ಹೋಗ್ತಾರೆ, ಗಂಡಸರು ಸಿಗುವುದೇ ಸಂಜೆ, ಕಾಫಿ ತೂಕ ಹಾಕಿದ ಮೇಲೆ, ಲೈನ್ ಮನೆ ಮುಂದೆ. ಅಲ್ಲಿಗೇ ಹೋಗದೆ ಅವರು ಸಿಗಲ್ಲ.

ಇನ್ನು ಪರೀಕ್ಷೆ ಅಂದ್ರೆ ಭಯ ಪಡುವಂಥದ್ದೇನೂ ಅಲ್ಲ. ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಕಿಟ್ ಮೇಲೆ ಹಾಕ್ತಾರೆ, ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಅಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಸೋಂಕು ಇದೆ ಅಂತಲೂ ಅಲ್ಲ. ಐಸಿಟಿಸಿ, ಅಂದ್ರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿ, ಮೂರರಲ್ಲೂ ಬಂದರೆ ಮಾತ್ರ ಖಚಿತ. ಖಚಿತವಾದರೆ ಮಾತ್ರೆ. 2004ರಿಂದ ನಮ್ಮ ದೇಶದಲ್ಲಿ ಎಆರ್‌ಟಿ, ಅಂದ್ರೆ ಎಚ್‌ಐವಿ ವೈರಸ್ ಹತ್ತಿಕ್ಕುವ ಮಾತ್ರೆ ಉಚಿತ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಮಾತ್ರೆ ಶುರು ಮಾಡ್ತಾರೆ, ಮೊದಲಿನ ಹಾಗೆ ರೋಗನಿರೋಧಕ ಶಕ್ತಿ ಕುಸಿಯುವ ತನಕ ಕಾಯಿಸಲ್ಲ. ತಪ್ಪಿಸದೆ ನುಂಗುತ್ತಾ ಬಂದು, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡಲ್ಲ. ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ 15ರಿಂದ 45, ಸರಿಯಾದ ಚಿಕಿತ್ಸೆ ಸಿಕ್ಕರೆ 5ಕ್ಕಿಂತ ಕಡಿಮೆ. ಇಷ್ಟೆಲ್ಲ ಕೈಗೆಟುಕುವ ಹಾಗಿದ್ದೂ ಒಬ್ಬ ಕೂಲಿಯವನು ಗೊತ್ತಾಗದೆ ಸಾಯಬೇಕಾ?

ಅವಮಾನದ ಮಾತು ಬರುತ್ತದೆ, ಗೊತ್ತು. ಅದಕ್ಕೇ ಬರೀ ಎಚ್‌ಐವಿ ಶಿಬಿರ ಅಂತ ಮಾಡಬೇಡಿ. ಬಿಪಿ, ಶುಗರ್, ಕಫ ಪರೀಕ್ಷೆ, ಎಲ್ಲ ಒಟ್ಟಿಗೆ ಇರಲಿ. ಬೇಡ ಅಂದವರಿಗೆ ಬಲವಂತ ಬೇಡ. ಸಾಹುಕಾರ್ರು ಬಂಗಲೆಯಿಂದ ಇಳಿದು ಬಂದು ಮೊದಲು ಬೆರಳು ಕೊಡಲಿ, ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್, ಆಮೇಲೆ ಮೇಸ್ತ್ರಿ. ಒಂದೇ ನಲ್ಲಿ, ಒಂದೇ ಕಕ್ಕಸು, ಒಂದೇ ತಟ್ಟೆ, ಸೊಳ್ಳೆ, ಇದ್ಯಾವುದರಿಂದಲೂ ಎಚ್‌ಐವಿ ಬರಲ್ಲ ಅನ್ನೋದನ್ನು ಪೋಸ್ಟರ್‌ನಲ್ಲಿ ಓದೋದಕ್ಕಿಂತ, ಎದುರಿಗೆ ಕೂತು ಕೇಳಿದರೆ ಜಾಸ್ತಿ ತಲೆಗೆ ಹೋಗುತ್ತದೆ. ಕಣ್ಣಿಗೆ ಬೀಳದ ಕಾಯಿಲೆಯ ಬಗ್ಗೆಯೇ ಅಲ್ವಾ ಜನ ಕಥೆ ಕಟ್ಟೋದು?

ವಿರೋಧ: ಲೈನ್ ಮನೆಯಲ್ಲಿ ಗುಟ್ಟು ನಿಲ್ಲಲ್ಲ

ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಮೇಲೆ ಹೇಳಿದ ಮಾತ್ರೆಯ ವಿಷಯ ಅಕ್ಷರಕ್ಷರ ನಿಜ. ನನ್ನ ತಕರಾರು ಜಾಗದ ಬಗ್ಗೆ.

ಶಿಬಿರ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಕಣ್ಣಿಗೆ ತಂದುಕೊಳ್ಳಿ. ಲೈನ್ ಮುಂದೆ ಒಂದು ಟೇಬಲ್, ಎರಡು ಕುರ್ಚಿ. ಒಬ್ಬೊಬ್ಬರೇ ಬಂದು ಬೆರಳು ಕೊಡ್ತಾರೆ, ಆಚೆ ಹೋಗಿ ನಿಲ್ತಾರೆ, ಸ್ವಲ್ಪ ಹೊತ್ತಿಗೆ "ಸರಿ, ನೀವು ಹೋಗಿ" ಅಂತ ಕಳಿಸ್ತಾರೆ. ಒಬ್ಬಳಿಗೆ ಮಾತ್ರ "ನೀವು ಸ್ವಲ್ಪ ಇರಿ ಅಮ್ಮಾ" ಅಂತಾರೆ. ಅಷ್ಟೇ ಸಾಕು. ಆಪ್ತಸಮಾಲೋಚಕರು ಎಷ್ಟೇ ಮೆಲ್ಲಗೆ ಮಾತಾಡಿದರೂ ಆ "ಸ್ವಲ್ಪ ಇರಿ" ಅನ್ನೋದನ್ನು ಇಡೀ ಲೈನ್ ಕೇಳಿಸಿಕೊಂಡಿರುತ್ತದೆ. ಮುಂದಿನ ವಾರ ಅವಳು ಆಸ್ಪತ್ರೆಗೆ ಅಂತ ಬಸ್ಸು ಹತ್ತಿದರೆ ಮುಗೀತು. ನಲ್ಲಿ ಹತ್ತಿರ ಕೊಡ ಇಡೋಕೆ ಬಂದವರು ದೂರ ಸರಿಯೋಕೆ ಶುರು ಮಾಡ್ತಾರೆ, ಅಂಗನವಾಡಿಯಲ್ಲಿ ಅವಳ ಮಗುವಿನ ಪಕ್ಕ ಬೇರೆ ಮಕ್ಕಳನ್ನು ಕೂರಿಸಲ್ಲ. ಕೊನೆಯ ಪರೀಕ್ಷೆಯಲ್ಲಿ ಸೋಂಕು ಇಲ್ಲ ಅಂತ ಬಂದರೂ ಲೈನ್‌ನಲ್ಲಿ ಹುಟ್ಟಿದ ಮಾತು ವಾಪಸ್ ಹೋಗಲ್ಲ.

ಒಪ್ಪಿಗೆಯ ವಿಷಯಕ್ಕೆ ಬನ್ನಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಪರೀಕ್ಷೆಗೆ ಮುಂಚೆ ಆಪ್ತಸಮಾಲೋಚನೆ ಆಗಬೇಕು, ಎಲ್ಲ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ ಆ ಕಾಯ್ದೆ. ಮನೆ ಸಾಹುಕಾರ್ರದ್ದು, ಕೆಲಸ ಸಾಹುಕಾರ್ರದ್ದು, ಎಷ್ಟೋ ಸಲ ಮುಂಗಡದ ದುಡ್ಡೂ ಅವರದ್ದೇ. ರೈಟರ್ ಬಂದು "ಎಲ್ಲರೂ ಬನ್ನಿ" ಅಂದಾಗ ಬೇಡ ಅನ್ನೋ ಧೈರ್ಯ ಯಾರಿಗಿದೆ? ಅಸ್ಸಾಂನಿಂದ ಬಂದವರಿಗೆ ಕನ್ನಡದಲ್ಲಿ ಹೇಳಿದರೆ ಏನು ಅರ್ಥ ಆಗುತ್ತದೆ? ಹಾಡಿಯಿಂದ (ಆದಿವಾಸಿಗಳ ಕೇರಿಯಿಂದ) ಬರುವ ಯರವ ಬುಡಕಟ್ಟಿನ ಹೆಂಗಸರಿಗೆ ಅವರ ಮಾತಿನಲ್ಲಿ ಹೇಳುವವರು ಎಷ್ಟು ಜನ ಇದ್ದಾರೆ? ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ಒಪ್ಪಿಗೆ ಆಗಲ್ಲ.

ಸಾಹುಕಾರ್ರೇ ಮೊದಲು ಬೆರಳು ಕೊಡಲಿ ಅನ್ನೋ ಮಾತು ಕೇಳೋಕೆ ಚೆನ್ನಾಗಿದೆ. ಅವರಿಗೇನಾದರೂ ಬಂದರೆ ಕಾರು ಹತ್ತಿ ಮೈಸೂರಿಗೋ ಮಂಗಳೂರಿಗೋ ಹೋಗ್ತಾರೆ, ಯಾರಿಗೂ ಗೊತ್ತಾಗಲ್ಲ. ಲೈನ್‌ನವರಿಗೆ ಆ ದಾರಿ ಇಲ್ಲ.

ಗುಟ್ಟು ಹೊರಗೆ ಬಿದ್ದು ಕೆಲಸ ಹೋದರೆ ಯಾರ ಹತ್ತಿರ ಹೇಳಿಕೊಳ್ಳೋದು? ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯೋದು ಕಾಯ್ದೆ ಪ್ರಕಾರ ತಪ್ಪು, ದೊಡ್ಡ ತೋಟಕ್ಕೂ ತಪ್ಪು, ಸಣ್ಣ ತೋಟಕ್ಕೂ ತಪ್ಪು. ಆದರೆ ದೂರು ಕೇಳುವ ಅಧಿಕಾರಿ ಇರಲೇಬೇಕು ಅನ್ನೋ ನಿಯಮ ನೂರು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಸಂಸ್ಥೆಗಳಿಗೆ. ಆಸ್ಪತ್ರೆಗಳಾದರೆ ಇಪ್ಪತ್ತು ಸಾಕು. ಕೊಡಗಿನಲ್ಲಿ ಜಾಸ್ತಿ ಇರೋದೇ ಸಣ್ಣ ಬೆಳೆಗಾರರು, ಐದೋ ಹತ್ತೋ ಎಕರೆಯವರು. ಅಲ್ಲಿ ಕೊಯ್ಯುವ ಹೆಂಗಸಿಗೆ ತೋಟದೊಳಗೆ ದೂರು ಕೇಳುವವರು ಯಾರೂ ಇಲ್ಲ. "ನಾಳೆಯಿಂದ ಬರಬೇಡ" ಅಂದರೆ ಮನೆಯೂ ಹೋಯ್ತು.

ನನಗೆ ತುಂಬಾ ಚುಚ್ಚೋದು ಇನ್ನೊಂದಿದೆ. ಶಿಬಿರ ಲೈನ್ ಮನೆಗೆ ಮಾತ್ರ ಯಾಕೆ? ಕೊಡಗಿನಲ್ಲಿ ಹೋಂಸ್ಟೇ ಇಲ್ವಾ, ಕ್ಲಬ್ ಇಲ್ವಾ, ಬ್ಯಾಂಕ್ ಇಲ್ವಾ, ಕಾಲೇಜು ಇಲ್ವಾ? ಪ್ರತಿ ವರ್ಷ ಕೂಲಿಯವರ ಹತ್ತಿರವೇ ಪರೀಕ್ಷೆಯ ವ್ಯಾನ್ ಹೋಗಿ ನಿಂತರೆ ಉಳಿದವರು ಏನು ತಿಳಿದುಕೊಳ್ತಾರೆ? ಇದು ಹೊರಗಿನಿಂದ ಬಂದವರ ಕಾಯಿಲೆ, ನಮ್ಮದಲ್ಲ ಅಂತ. ಕಳಂಕ ಕಳೆಯೋಕೆ ಹೊರಟವರೇ ಅದನ್ನು ಒಂದು ಗುಂಪಿನ ಹಣೆಗೆ ಹಚ್ಚಿ ಬಂದ ಹಾಗಾಗುತ್ತದೆ.

ಒಂದು ದಿನದ ಶಿಬಿರದಲ್ಲಿ ಇನ್ನೂ ಒಂದು ತೊಡಕು ಇದೆ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. "ಏನೂ ಇಲ್ಲ" ಅಂತ ಕೇಳಿದವರು ನಿಶ್ಚಿಂತೆಯಾಗಿ ಹೋಗ್ತಾರೆ, ಮತ್ತೆ ನೋಡೋಕೆ ಆ ವ್ಯಾನ್ ಅಲ್ಲಿ ಇರಲ್ಲ. ಮಾರ್ಚ್ ಹೊತ್ತಿಗೆ ಕೊಯ್ಲು ಮುಗಿದು ಅವರೂ ಊರಿಗೆ ಹೊರಟಿರ್ತಾರೆ. ಜೀವನ ಪೂರ್ತಿ ನುಂಗಬೇಕಾದ ಮಾತ್ರೆಗೆ ಆಸ್ಪತ್ರೆಯ ನಂಟು ಬೇಕು. ದಾಖಲೆ ಸರಿಯಾಗಿದ್ದರೆ ಬೇರೆ ರಾಜ್ಯದ ಎಆರ್‌ಟಿ ಕೇಂದ್ರಕ್ಕೂ ವರ್ಗ ಮಾಡಿಸಿಕೊಳ್ಳಬಹುದು. ಈ ಮಾತನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಹೇಳಬೇಕು, ಕಾಫಿ ಚೀಲದ ಪಕ್ಕ ನಿಂತು ಹೇಳೋಕೆ ಆಗಲ್ಲ.

ಹಾಗಾದರೆ ಏನು ಮಾಡೋದು? ಗೋಣಿಕೊಪ್ಪ, ಸಿದ್ದಾಪುರದಲ್ಲಿ ಭಾನುವಾರ ಸಂತೆ. ತೋಟದವರೆಲ್ಲ ಸಾಮಾನು ತರೋಕೆ ಅವತ್ತು ಪೇಟೆಗೆ ಬಂದೇ ಬರ್ತಾರೆ. ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಅವತ್ತೇ ರಜೆ. ಭಾನುವಾರ ಪರೀಕ್ಷಾ ಕೋಣೆ ತೆರೆದಿಡಿ, ರಜೆ ಬೇಕಾದರೆ ಸೋಮವಾರ ಕೊಡಿ. ಆಸ್ಪತ್ರೆ ಗೇಟಿನೊಳಗೆ ಯಾರು ಯಾವುದಕ್ಕೆ ಹೋದರು ಅಂತ ಯಾರಿಗೂ ಗೊತ್ತಾಗಲ್ಲ. ಹಿಂದಿ, ಅಸ್ಸಾಮಿ, ಯರವ ಮಾತು ಬರುವವರನ್ನು ಜೊತೆಗೆ ಕೂರಿಸಿ. 1097 ಸಹಾಯವಾಣಿಯ ನಂಬರನ್ನು ಲೈನ್ ಮನೆಯ ಗೋಡೆಗೆ ದೊಡ್ಡದಾಗಿ ಬರೆಸಿ. ಅದಕ್ಕೂ ಮುಂಚೆ ಬೆಳೆಗಾರರನ್ನು, ರೈಟರ್‌ಗಳನ್ನು ಕೂರಿಸಿ ಕಾಯ್ದೆ ಓದಿ ಹೇಳಿ, ರಕ್ತದ ರಿಪೋರ್ಟ್ ನೋಡಿ ಯಾರ ಕೆಲಸವನ್ನೂ ಮನೆಯನ್ನೂ ಕಿತ್ತುಕೊಳ್ಳಲ್ಲ ಅಂತ ಅವರ ಕೈಯಿಂದ ಬರೆಸಿಕೊಳ್ಳಿ. ಅದಾದ ಮೇಲೆ ಲೈನ್‌ನವರೇ "ವ್ಯಾನ್ ಇಲ್ಲಿಗೇ ಬರಲಿ" ಅಂತ ಕೇಳಿದರೆ ನನ್ನ ತಕರಾರೇನೂ ಇಲ್ಲ.