ಗಾಜು ನಮ್ಮದು, ಪೆಟ್ಟು ಹಕ್ಕಿಯದು

ಮೊನ್ನೆ ಬೆಳಗ್ಗೆ ಕಡುಬಿನ ಹಿಟ್ಟು ಉಂಡೆ ಕಟ್ತಾ ಇದ್ದೆ. ಹಾಲ್‌ನ ಗಾಜಿಗೆ ಯಾರೋ ಕಲ್ಲು ಬೀಸಿದ ಹಾಗೆ 'ಢಬ್' ಅಂತ ಸದ್ದು. ಓಡಿ ಬಂದು ನೋಡಿದರೆ ಜಗಲಿಯ ಕೆಳಗೆ ಹಸಿರು ರೆಕ್ಕೆ, ಕೆಂಪು ಕೊಕ್ಕಿನ ಪಾರಿವಾಳ. ಬಾಯಿ ತೆರೆದು ಏದುಸಿರು ಬಿಡ್ತಾ ಕೂತಿದೆ. ಎಮರಾಲ್ಡ್ ಡವ್ ಅಂತಾರಲ್ಲ, ಅದೇ. ಮೂಡಿಗೆರೆ ಕಡೆಯ ತೋಟದವರಿಗೆ ಗೊತ್ತು, ಗಿಡಗಳ ಸಂದಿಯಲ್ಲಿ ಬಾಣದ ಹಾಗೆ ತಗ್ಗಿನಲ್ಲೇ ಹೋಗೋದು ಇದರ ಅಭ್ಯಾಸ. ನಮ್ಮ ಗಾಜಿನೊಳಗೂ ಸಿಲ್ವರ್ ಮರ, ಕಾಫಿ ಗಿಡ ಕಾಣ್ತಿತ್ತು. ಅದಕ್ಕೇನು ಗೊತ್ತು, ಅದೂ ತೋಟವೇ ಅಂದುಕೊಂಡಿದೆ.

ಅಷ್ಟರಲ್ಲಿ ಅತ್ತೆ ಚೊಂಬು ಹಿಡಿದು ಬಂದರು. "ಗಂಟಲು ಒಣಗಿರುತ್ತೆ ಕಣೇ, ಬಾಯಿಗೆ ಎರಡು ಹನಿ ಬಿಡು."

"ಬೇಡ ಅತ್ತೆ" ಅಂದೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತೆ, ನಾವು ಬಿಟ್ಟ ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನ ನಾನು ಕಲಿತದ್ದು ಒಂದು ಕುಟ್ರುಹಕ್ಕಿಯನ್ನ ಕೊಂದ ಮೇಲೆ. ಏಳು ವರ್ಷದ ಹಿಂದೆ ಚಮಚದಲ್ಲಿ ಸಕ್ಕರೆ ನೀರು ಕುಡಿಸಿದ್ದೆ. ಪೆಟ್ಟಿಗೇ ಸತ್ತಿತು ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಈ ಸಲ ಹಳೇ ಟವೆಲ್ ಮೇಲೆ ಹೊದಿಸಿ ಸಡಿಲವಾಗಿ ಎತ್ತಿದೆ. ಹಕ್ಕಿಗೆ ನಮ್ಮ ಹಾಗೆ ಎದೆ-ಹೊಟ್ಟೆ ನಡುವೆ ಉಸಿರೆಳೆಯೋ ಸ್ನಾಯುವಿನ ಪರದೆ, ಅಂದರೆ ವಪೆ ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೇನೇ ಉಸಿರು. ಪ್ರೀತಿಯಿಂದ ಅವುಚಿ ಹಿಡಿದರೂ ಉಸಿರು ಕಟ್ಟುತ್ತೆ. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗಿಟ್ಟು, ಕತ್ತಲೆ ಕೋಣೆಯ ಬಾಗಿಲು ಹಾಕಿದೆ. ಮಗನಿಗೆ ಒಂದು ಫೋಟೋ ಕೂಡ ತೆಗೆಯೋಕೆ ಬಿಡಲಿಲ್ಲ ಅಂತ ಕೋಪ. ನಾವು ತಲೆ ಸವರೋದು ಅದಕ್ಕೆ ಸಮಾಧಾನ ಅಲ್ಲ ಮಗಾ, ಬೆಕ್ಕಿನ ಪಂಜ.

ಎರಡು ಗಂಟೆ ಬಿಟ್ಟು ತೋಟದ ಅಂಚಿನಲ್ಲಿ ಡಬ್ಬ ತೆರೆದೆ. ಪಟಪಟ ಅಂತ ಹೋಗೇಬಿಟ್ಟಿತು. ಬದುಕಿತೋ ಏನೋ, ಒಳಪೆಟ್ಟಾಗಿದ್ದರೆ ಹಾರಿದ ಮೇಲೂ ಸಾಯ್ತವೆ. ಹಾರದೇ ಇದ್ದಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡೋಳಿದ್ದೆ. ಪಂಜರದಲ್ಲಿಟ್ಟು ಸಾಕೋ ಯೋಚನೆ ಮಾತ್ರ ಬೇಡಿ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಒಪ್ಪಲ್ಲ.

ಫ್ಯಾಮಿಲಿ ಗ್ರೂಪಿನಲ್ಲಿ 'ಪುಣ್ಯದ ಕೆಲಸ' ಅಂತ ಸಾಲುಸಾಲು ಕೈಮುಗಿದರು. ನನಗೆ ನಾಚಿಕೆಯಾಯ್ತು. ಹೋಂಸ್ಟೇಗೆ ಬಂದವರಿಗೆ ಗುಡ್ಡ ಕಾಣಲಿ ಅಂತ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದು ನಾವೇ ತಾನೆ? ಪಕ್ಕೆಲುಬು ಮುರಿದವನೇ ಎಣ್ಣೆ ತಿಕ್ಕಿ ಹೊಗಳಿಸಿಕೊಂಡ ಹಾಗಾಯ್ತು. ನಮ್ಮ ಬೋರ್ಡಿನ ಮೇಲೆ ಹಕ್ಕಿಯ ಚಿತ್ರ ಬೇರೆ! ನಮ್ಮದೊಂದೇ ಅಲ್ಲ, ಈ ರಸ್ತೆಯಲ್ಲಿ ಹೊಸದಾಗಿ ಎದ್ದ ಹೋಂಸ್ಟೇಗಳದ್ದೆಲ್ಲ ಇದೇ ಕಥೆ. ಬಿದ್ದ ಹಕ್ಕಿಯನ್ನ ನಾಯಿಯೋ ಬೆಕ್ಕೋ ಎತ್ತಿಕೊಂಡು ಹೋಗಿರುತ್ತೆ, ನಮ್ಮ ಲೆಕ್ಕಕ್ಕೇ ಬರಲ್ಲ.

ಗಾಜಿಗೆ ಗಿಡುಗನ ಸ್ಟಿಕ್ಕರ್ ಒಂದು ಅಂಟಿಸಿ ಕೈತೊಳೆದುಕೊಂಡರೆ ಆಗಲ್ಲ, ಅದರ ಪಕ್ಕಕ್ಕೇ ಬಂದು ಹೊಡೆಯುತ್ತವೆ. ಗಾಜಿನ ಹೊರಮೈಗೆ, ಎರಡೆರಡು ಇಂಚಿಗೆ ಒಂದು ಗೆರೆ ಬೇಕು. ಒಳಗಡೆ ಎಳೆದರೆ ಪ್ರತಿಬಿಂಬ ಅದನ್ನ ನುಂಗುತ್ತೆ. ಗೇಟಿಗೆ ಹೊಡೆದು ಉಳಿದಿದ್ದ ಬಿಳಿ ಪೇಂಟಿನಲ್ಲೇ ಶುರು ಮಾಡಿದೆ. ನಮ್ಮನೆಯವರು "ವ್ಯೂ ಹಾಳಾಯ್ತು, ಬಂದವರು ಜೈಲು ಅಂತಾರೆ" ಅಂತ ಎರಡು ದಿನ ಗೊಣಗಿದರು. ಮೂರನೇ ದಿನ "ನಿನ್ನ ಗೆರೆ ಸೊಟ್ಟ" ಅಂತ ತಾವೇ ಅಳತೆಪಟ್ಟಿ ಹಿಡಿದು ನಿಂತರು.

ಕೆಳಗಿನದು ಮುಗೀತು. ಮಹಡಿಯ ಗಾಜಿಗೆ ನಮ್ಮ ಏಣಿ ಎಟಕಲ್ಲ. ಪಕ್ಕದ ತೋಟದವರ ಮೆಣಸು ಕೊಯ್ಯೋ ಏಣಿ ಕೇಳಿದ್ದೀನಿ, ಕೊಯ್ಲು ಶುರುವಾಗೋದರೊಳಗೆ ವಾಪಸ್ ಕೊಡಬೇಕಂತೆ.